ಚಾಲಕನನ್ನು ಹಿಡಿದರೆ ಜಾಲ ಹರಿಯುವುದಿಲ್ಲ

ಹೊಸಕೋಟೆ, ದೇವನಹಳ್ಳಿ ಕಡೆಯ ಫಿಲ್ಟರ್ ಮರಳಿನ ಪ್ರಕರಣಗಳನ್ನು ಒಟ್ಟಿಗೆ ಹರಡಿಕೊಂಡು, ಯಾರಿಗೆ ಯಾರ ನಂಟು ಎಂಬ ನಕ್ಷೆ ಬರೆಯಬೇಕು. ನಮ್ಮ ಸರ್ಕಾರಿ ಅಭಿಯೋಜಕರು ಅದರಲ್ಲಿ ಯಾರನ್ನು ಮುಟ್ಟಿದ್ದಾರೆ, ಯಾರನ್ನು ಮುಟ್ಟಿಲ್ಲ ಎಂದು ನೋಡಬೇಕು ಎನ್ನುವವರಲ್ಲಿ ನಾನೂ ಒಬ್ಬ. ಇದನ್ನು ಒಪ್ಪದವರಿಗೆ ನನ್ನ ಉತ್ತರ ಇದು.

ಮರಳು ಕದಿಯುವುದು ಸಣ್ಣ ಕೇಸು, ಅದಕ್ಕೆ ‘ಸಂಘಟಿತ ಅಪರಾಧ’ದ ಪಟ್ಟ ಏಕೆ ಎನ್ನುತ್ತಾರೆ. ಈ ಮರಳು ಹುಟ್ಟುವ ಬಗೆ ನೋಡಿ. ಕೆರೆಯಂಗಳದ, ಹೊಲದ ಮಣ್ಣನ್ನು ಜೆಸಿಬಿಯಲ್ಲಿ ಬಗೆದು ಗುಂಡಿಗೆ ಸುರಿಯುತ್ತಾರೆ. ಮೋಟಾರಿನಿಂದ ನೀರು ಹಾಯಿಸಿ ತೊಳೆಯುತ್ತಾರೆ. ಕೆಂಪು ರಾಡಿ ಹರಿದುಹೋಗುತ್ತದೆ, ಮರಳು ತಳದಲ್ಲಿ ನಿಲ್ಲುತ್ತದೆ. ಜಮೀನು ಕೊಟ್ಟವನು, ಜೆಸಿಬಿಯವನು, ನೀರು ಕೊಟ್ಟವನು, ಲಾರಿ ಮಾಲೀಕ, ನಗರದಲ್ಲಿ ಕೊಳ್ಳುವವನು, ಇಷ್ಟು ಜನ ಕೂಡದೆ ಒಂದು ಲೋಡೂ ಹೊರಡದು. ರಸ್ತೆಯಲ್ಲಿ ಸಿಕ್ಕಿಬೀಳುವವನು ಮಾತ್ರ ಚಾಲಕ. ದಂಡ ಕಟ್ಟಿ ರಾಜಿಯಾಗಲು 1957ರ ಗಣಿ ಮತ್ತು ಖನಿಜ ಕಾಯ್ದೆಯ 23ಎ ಕಲಮಿನಲ್ಲೇ ದಾರಿಯಿದೆ. ಕಳ್ಳತನದ ಮೊಕದ್ದಮೆಯನ್ನೂ ಹೂಡಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆದರೆ ಚಾಲಕನೊಬ್ಬನ ಮೇಲೆ ಅದನ್ನು ಹೂಡಿ ಫಲವೇನು?

‘ನಂಟಿದ್ದವರೆಲ್ಲ ಅಪರಾಧಿಗಳೇ? ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಬೇಕಾದವರೇ.’ ಇದು ತೂಕದ ಮಾತು. ಫೋನ್ ಮಾಡಿದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಹಾಗೆಂದು ಯಾರಾದರೂ ವಾದಿಸಿದರೆ ನಾನೂ ವಿರೋಧಿಸುತ್ತೇನೆ. ನಕ್ಷೆ ಸಾಕ್ಷ್ಯವಲ್ಲ, ಸಾಕ್ಷ್ಯವನ್ನು ಎಲ್ಲಿ ಹುಡುಕಬೇಕೆಂದು ತೋರಿಸುವ ಕೈಮರ. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಪ್ರಕರಣವನ್ನು ನೆನೆಯಿರಿ. ಒಬ್ಬ ಆರೋಪಿಯ ಮೇಲಿನ ಕರ್ನಾಟಕ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯ (ಕೋಕಾ) ಆರೋಪವನ್ನು ಹೈಕೋರ್ಟ್ ರದ್ದುಪಡಿಸಿತ್ತು. 2021ರ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಹಿಂದಿನ ಪ್ರಕರಣಗಳು ಪ್ರತಿಯೊಬ್ಬನ ಮೇಲೂ ಇರಬೇಕಿಲ್ಲ, ತಂಡಕ್ಕೆ ನೆರವಾದವನನ್ನೂ ವಿಚಾರಣೆಗೆ ಗುರಿಪಡಿಸಬಹುದು ಎಂಬುದು ಅದರ ನಿಲುವು. ಆ ನೆರವನ್ನು ರುಜುವಾತು ಮಾಡುವ ಹೊಣೆ ಮಾತ್ರ ಅಭಿಯೋಜಕರದ್ದೇ. ನಾವು ಕೇಳುತ್ತಿರುವುದೂ ಇಷ್ಟನ್ನೇ.

ಇನ್ನು ಕೆಲವರಿಗೆ ದೊಡ್ಡ ತಲೆಯೊಂದು ಉರುಳಿದರೆ ಸಾಕು. ಅಷ್ಟಕ್ಕೇ ಜಾಲ ಹರಿಯದು. ಕೆನಡಾದ ಮಾಂಟ್ರಿಯಲ್ ಪೊಲೀಸರು 1994ರಿಂದ 1996ರವರೆಗೆ ಒಂದು ಮಾದಕವಸ್ತು ಜಾಲದ ಸರಕನ್ನು 11 ಬಾರಿ ಹಿಡಿದರು, ಕೊನೆಯವರೆಗೂ ಯಾರನ್ನೂ ಬಂಧಿಸಲಿಲ್ಲ. ಅಪರಾಧಶಾಸ್ತ್ರಜ್ಞ ಕಾರ್ಲೊ ಮೊರ್ಸೆಲ್ಲಿ ಆ ಕಡತಗಳನ್ನು ಅಭ್ಯಸಿಸಿದಾಗ ಕಂಡದ್ದು, ಪ್ರತಿ ಪೆಟ್ಟಿಗೂ ಜಾಲ ತನ್ನ ರೂಪ ಬದಲಿಸಿಕೊಂಡಿತ್ತು. ನಡುವೆ ಕೂತಿದ್ದವನು ಬದಿಗೆ ಸರಿದಿದ್ದ. ಹೆಚ್ಚು ಫೋನ್ ಮಾಡುವವನೇ ಮುಖ್ಯನೆಂದೇನಿಲ್ಲ. ಎರಡು ಗುಂಪುಗಳ ನಡುವೆ ಸೇತುವೆಯಾಗಿರುವವನು ಎರಡೇ ಕರೆ ಮಾಡಿರಬಹುದು. ಗುಂಡಿಯವನಿಗೂ ನಗರದ ಗಿರಾಕಿಗೂ ಗಂಟು ಹಾಕುವ ಮಧ್ಯವರ್ತಿ ಅಂಥವನು.

ಹಣವಿಲ್ಲ, ಸಿಬ್ಬಂದಿಯಿಲ್ಲ ಎಂಬ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ಲಾರಿ ನಂಬರು, ಮಾಲೀಕನ ಹೆಸರು, ಸರ್ವೆ ನಂಬರು, ಜಾಮೀನುದಾರನ ಹೆಸರು ಕಡತಗಳಲ್ಲಿ ಬಿದ್ದಿರುವ ವಿವರಗಳೇ. ಜಿಲ್ಲೆಯ ಅಭಿಯೋಜಕರಲ್ಲಿ ನನ್ನ ಮನವಿ ಒಂದೇ: ನಾಲ್ಕೂ ತಾಲ್ಲೂಕುಗಳ ಐದು ವರ್ಷದ ಮರಳು ಕೇಸುಗಳನ್ನು ಒಂದೇ ಮೇಜಿನ ಮೇಲೆ ಹರಡಿ, ಎರಡು ಸಲ ಬಂದ ಹೆಸರುಗಳ ಕೆಳಗೆ ಗೆರೆ ಎಳೆಯಿರಿ.