ಜಾಥಾಕ್ಕೆ ಮಕ್ಕಳು ಬೇಕು, ಅವರ ಪ್ರಶ್ನೆ ಬೇಡ

ಹೋದ ವರ್ಷ ಡಿಸೆಂಬರ್ 1ರಂದು ಆರನೇ ಕ್ಲಾಸಿನ ನನ್ನ ಮಗಳು ಏಡ್ಸ್ ಜಾಗೃತಿ ಜಾಥಾ ಮುಗಿಸಿ ಮನೆಗೆ ಬಂದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಎದೆಯ ಮೇಲೆ ಕೆಂಪು ರಿಬ್ಬನ್ ಹಾಗೇ ಇತ್ತು. ಶೂ ಬಿಚ್ಚುತ್ತಾ ಕೇಳಿದಳು: 'ಅಮ್ಮಾ, ಏಡ್ಸ್ ಹೇಗೆ ಬರುತ್ತೆ? ಮಿಸ್ಸನ್ನ ಕೇಳಿದ್ರೆ ಅದೆಲ್ಲ ನಿನಗ್ಯಾಕೆ ಅಂದ್ರು.'

ಎರಡು ಗಂಟೆ ಬಿಸಿಲಲ್ಲಿ ಘೋಷಣೆ ಕೂಗಿಸಿದ್ದು ಮತ್ಯಾಕೆ?

'ಇಂಥದ್ದನ್ನೆಲ್ಲ ಹೇಳಿದರೆ ಮಕ್ಕಳು ಕೆಡುತ್ತಾರೆ' ಎಂಬ ಮಾತು ಕೇಳಿ ಕೇಳಿ ರೋಸಿಹೋಗಿದ್ದೇನೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಸಂಸ್ಕೃತಿಯ ಹೆಸರಲ್ಲಿ ತಡೆದ ರಾಜ್ಯಗಳಲ್ಲಿ ನಮ್ಮದೂ ಒಂದು. ಶಾಲೆಯಲ್ಲಿ ಬೇಡ ಎಂದಿರಿ. ಮನೆಯಲ್ಲಾದರೂ ಹೇಳಿದಿರಾ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ ಸುಮಾರು 22. ಪಾಠ ತಡೆದಾಗ ಹತ್ತು ವರ್ಷದವಳಾಗಿದ್ದ ಹುಡುಗಿ ಈ ಸಮೀಕ್ಷೆಯ ಹೊತ್ತಿಗೆ ಮದುವೆಯಾಗಿ ಮಗು ಎತ್ತಿಕೊಂಡಿರುತ್ತಾಳೆ. ನೂರಕ್ಕೆ 22! ನೀವು ಕಾಪಾಡಿದ ಸಂಸ್ಕೃತಿ ಅವಳ ಕೈಗಿಟ್ಟದ್ದು ಇಷ್ಟೇ.

ಅಂಗಡಿಯವನು ಪ್ಯಾಡನ್ನು ಪೇಪರಲ್ಲಿ ಸುತ್ತಿ ಕಪ್ಪು ಕವರಿಗೆ ತುರುಕುತ್ತಾನೆ. ಸಂತಾನೋತ್ಪತ್ತಿಯ ಪಾಠ ಬಂದರೆ 'ಮನೇಲಿ ಓದ್ಕೊಳ್ಳಿ' ಎಂದು ಮೇಷ್ಟ್ರು ಪುಟ ಮಗುಚುತ್ತಾರೆ. ಮೈಯ ಮಾತೆಂದರೆ ನಮಗೆ ಎಲ್ಲವೂ ಮುಚ್ಚಿಡುವ ಸರಕು. ಅದೇ ಮನೆಗಳಲ್ಲಿ ಎಂಟು ವರ್ಷದ ಮಗುವಿನ ಕೈಗೆ ಮೊಬೈಲ್ ಕೊಡಲು ಯಾವ ಸಂಸ್ಕೃತಿಯೂ ಅಡ್ಡ ಬರುವುದಿಲ್ಲ.

ಹೇಳದಿದ್ದರೆ ಮಕ್ಕಳು ಏನೂ ಕಲಿಯುವುದಿಲ್ಲ ಎಂದುಕೊಂಡಿದ್ದೀರಿ. ನನ್ನ ಮಗಳ ಕ್ಲಾಸಿನಲ್ಲೊಬ್ಬಳು ಹುಡುಗಿ ಇದ್ದಳು. ಅವಳಪ್ಪ ಏಡ್ಸ್‌ನಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿದ ಮರುದಿನದಿಂದ ಅವಳ ಚಿತ್ರಾನ್ನಕ್ಕೆ ಯಾರೂ ಕೈ ಹಾಕಲಿಲ್ಲ. ಅವಳ ನೀರಿನ ಬಾಟಲಿಯನ್ನು ಕಾಲಲ್ಲಿ ಸರಿಸಿದವರು ಹನ್ನೊಂದು ವರ್ಷದ ಮಕ್ಕಳು. ಅವರಿಗೆ ಅದನ್ನು ಕಲಿಸಿದ್ದು ನಮ್ಮ ಅಡುಗೆಮನೆಯ ಪಿಸುಮಾತು. ಗೇಟಿನ ಹತ್ತಿರ ಗುಂಪುಗೂಡಿ 'ಬೇರೆ ಕೂರಿಸಿ' ಎಂದು ಪಟ್ಟು ಹಿಡಿದವರಲ್ಲಿ ಡಿಗ್ರಿ ಓದಿದವರೇ ಹೆಚ್ಚು. ಸೋಂಕಿತರಿಗಾಗಲಿ, ಅವರೊಂದಿಗೆ ಬಾಳಿದವರಿಗಾಗಲಿ ಶಾಲೆಯಲ್ಲಿ ಭೇದ ಮಾಡಬಾರದೆಂದು 2017ರ ಎಚ್‌ಐವಿ–ಏಡ್ಸ್ ಕಾಯ್ದೆಯೇ ಹೇಳುತ್ತದೆ. ಅಲ್ಲಿದ್ದ ಒಬ್ಬರ ಬಾಯಲ್ಲೂ ಅದು ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಜಾಥಾ ಮುಗಿದ ಆ ಸಂಜೆ ಮಗಳನ್ನು ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿದೆ. ಸೋಂಕಿರುವ ರಕ್ತದಿಂದ ಬರುತ್ತದೆ, ಸೂಜಿಯಿಂದ ಬರುತ್ತದೆ, ಸುರಕ್ಷತೆಯಿಲ್ಲದ ಲೈಂಗಿಕ ಸಂಪರ್ಕದಿಂದ ಬರುತ್ತದೆ, ತಾಯಿಯಿಂದ ಮಗುವಿಗೆ ಬರಬಹುದು. ಆ ಪದ ಹೇಳುವಾಗ ನನ್ನ ದನಿ ನಡುಗಿತು, ಅವಳದು ನಡುಗಲಿಲ್ಲ. 'ಅಮ್ಮನಿಗೆ ಇದ್ರೆ ಪಾಪುಗೂ ಬಂದೇ ಬರುತ್ತಾ?' ಎಂದಳು. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಗಲಬಹುದು, ಸರಿಯಾಗಿ ಮಾತ್ರೆ ತೆಗೆದುಕೊಂಡರೆ 5ಕ್ಕಿಂತ ಕಡಿಮೆ, ಆ ಮಾತ್ರೆ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ ಎಂದೆ. ಸೊಳ್ಳೆ ಕಚ್ಚಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ತಬ್ಬಿಕೊಂಡರೂ ಬರುವುದಿಲ್ಲ ಎಂದೆ.

ಸ್ವಲ್ಪ ಹೊತ್ತು ರಿಬ್ಬನ್ನಿನ ಪಿನ್ನು ತಿರುಗಿಸುತ್ತಾ ಕೂತಿದ್ದಳು. ಆಮೇಲೆ, 'ಹಾಗಾದ್ರೆ ನಾನು ಅವಳ ಪಕ್ಕ ಕೂರಬಹುದಿತ್ತಲ್ವಾ?' ಎಂದಳು.

ಆ ಹುಡುಗಿ ಟಿಸಿ ತೆಗೆದುಕೊಂಡು ಹೋಗಿ ಅಷ್ಟೊತ್ತಿಗೆ ಎರಡು ತಿಂಗಳಾಗಿತ್ತು.