ನೀರು ಪುಕ್ಕಟೆ, ನೆಲ?

‘ಹೈಡ್ರೋ ಪವರ್ ಅಂದ್ರೆ ಪುಕ್ಕಟೆ ಕರೆಂಟು ಗುರೂ’ ಎನ್ನುವ ಮಾತನ್ನು ಆಫೀಸಿನಲ್ಲಿ ಆಗಾಗ ಕೇಳ್ತೀನಿ. ನೀರೇನೋ ಪುಕ್ಕಟೆ. ಅದನ್ನು ನಿಲ್ಲಿಸಿದ ನೆಲ?

ಲಿಂಗನಮಕ್ಕಿಯಲ್ಲಿ ಕೂಡಿಟ್ಟ ಮಳೆನೀರು ತಲಕಳಲೆ ಜಲಾಶಯಕ್ಕೆ ಹರಿದು, ಅಲ್ಲಿಂದ ದೈತ್ಯ ಕೊಳವೆಗಳಲ್ಲಿ 400 ಮೀಟರಿಗೂ ಹೆಚ್ಚು ಕೆಳಗಿಳಿದು ಶರಾವತಿ ವಿದ್ಯುದಾಗಾರದ ಟರ್ಬೈನ್ ತಿರುಗಿಸುತ್ತೆ. 10 ಯಂತ್ರ, ಒಟ್ಟು 1035 ಮೆಗಾವ್ಯಾಟ್. ಕಲ್ಲಿದ್ದಲ ಸ್ಥಾವರ ತಣ್ಣಗಾದರೆ ಮತ್ತೆ ಏಳೋಕೆ ಗಂಟೆಗಟ್ಟಲೆ ಬೇಕು. ಇವು ಕೆಲವೇ ನಿಮಿಷದಲ್ಲಿ ರೆಡಿ. ನಮ್ಮ ಭಾಷೆಯಲ್ಲಿ ಆಟೋಸ್ಕೇಲಿಂಗ್ ಅನ್ನಿ. ಬೆಳಿಗ್ಗೆ ಬೆಂಗಳೂರೆಲ್ಲ ಒಟ್ಟಿಗೆ ಗೀಸರ್ ಹಾಕಿದಾಗ ಗ್ರಿಡ್‌ಗೆ ಹೆಗಲು ಕೊಡುವುದು ಇಂಥ ನೀರೇ.

ಆ ನೀರಿನಡಿ ಊರುಗಳಿವೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾದ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಅವರನ್ನು ಕೂರಿಸಿದ ಜಾಗ ದಾಖಲೆಯಲ್ಲಿ ಇನ್ನೂ ಅರಣ್ಯವಂತೆ! ಹಳ್ಳಿಯಲ್ಲಿ ಬೆಳೆದ ನನಗೆ ಇದರರ್ಥ ಗೊತ್ತು: ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆಸಾಲವೂ ಹುಟ್ಟಲ್ಲ.

ಈಗ ಅದೇ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕಂತೆ. ಹಳೇ ಸಾಲ ತೀರಿಸದವನಿಗೆ ಯಾವ ಬ್ಯಾಂಕೂ ಹೊಸ ಸಾಲ ಕೊಡಲ್ಲ. ಸರ್ಕಾರಕ್ಕೆ ಮಾತ್ರ ನಾವ್ಯಾಕೆ ಕೊಡಬೇಕು? ಮೊದಲು ಹಕ್ಕುಪತ್ರ ಕೊಡಿ, ಮೆಗಾವ್ಯಾಟಿನ ಮಾತು ಆಮೇಲೆ.