ಪರದೇಶದ ಶಾಂತಿ, ಸ್ವದೇಶದ ಸೈನಿಕ

ಸ್ವಂತ ಮನೆಯ ಮಾಡು ಸೋರುತ್ತಿರಲು ಪರರ ಮನೆಯ ಕಾವಲೇತಕ್ಕೆ? ಭಾರತದ ಸೈನಿಕರು ವಿಶ್ವಸಂಸ್ಥೆಯ ನೀಲಿ ಶಿರಸ್ತ್ರಾಣವನ್ನು ಧರಿಸಿ ದೂರದೇಶಗಳಿಗೆ ತೆರಳುವಾಗಲೆಲ್ಲ ಈ ಆಕ್ಷೇಪವು ಕೇಳಿಬರುತ್ತದೆ. ಇದಕ್ಕಿಂತಲೂ ಕೀಳಾದುದು ಇನ್ನೊಂದು ಮಾತು: ಬಡ ರಾಷ್ಟ್ರಗಳು ಹಣದಾಸೆಗೆ ತಮ್ಮ ಸೈನಿಕರನ್ನು ಬಾಡಿಗೆಗೆ ಕೊಡುತ್ತವೆಯಂತೆ! ತಲೆಗೆ ಇಂತಿಷ್ಟೆಂದು ವಿಶ್ವಸಂಸ್ಥೆಯು ವೆಚ್ಚವನ್ನು ತುಂಬಿಕೊಡುವುದು ನಿಜ. ಸಣ್ಣ ರಾಷ್ಟ್ರಗಳ ಬೊಕ್ಕಸಕ್ಕೆ ಅದು ಆಧಾರವಾಗುವುದೂ ನಿಜ. ಆದರೆ ಕೇವಲ ಹಣದ ಲೆಕ್ಕದಿಂದ ಪೂರ್ವವೃತ್ತಾಂತವು ಅರ್ಥವಾಗಲಾರದು.

೧೯೫೦ನೆಯ ಜೂನಿನಲ್ಲಿ ಕೊರಿಯದ ಯುದ್ಧವು ಹೊತ್ತಿಕೊಂಡಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು. ಭಾರತವು ಅಲ್ಲಿಗೆ ಕಾದಾಡುವ ಸೈನ್ಯವನ್ನು ಕಳುಹಲಿಲ್ಲ; ಗಾಯಾಳುಗಳ ಶುಶ್ರೂಷೆಗೆ ವೈದ್ಯದಳವನ್ನು ಕಳುಹಿತು. ೧೯೫೩ರಲ್ಲಿ ಯುದ್ಧವಿರಾಮವಾದ ಬಳಿಕ, ತಾಯ್ನಾಡಿಗೆ ಮರಳಲೊಪ್ಪದ ೨೨,೦೦೦ಕ್ಕೂ ಮಿಕ್ಕ ಸೆರೆಯಾಳುಗಳನ್ನು ಕಾಯುವ ಹೊಣೆಯು ಭಾರತದ ಪಾಲಿಗೆ ಬಂದಿತು. ಆ ಕಾರ್ಯಕ್ಕಾಗಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ತಿಮ್ಮಯ್ಯನವರು ಅಧ್ಯಕ್ಷರು. ದಕ್ಷಿಣ ಕೊರಿಯದ ಅಧ್ಯಕ್ಷರು ತಮ್ಮ ನೆಲವನ್ನು ಭಾರತೀಯ ಸೈನಿಕರು ಮೆಟ್ಟಕೂಡದೆಂದು ಹಟಹಿಡಿಯಲು, ಅವರನ್ನು ಹೆಲಿಕಾಪ್ಟರುಗಳಲ್ಲಿ ಒಯ್ಯಬೇಕಾಯಿತು. ಇಂತಹ ಅವಮಾನವನ್ನು ನುಂಗಿ ಕರ್ತವ್ಯವನ್ನು ಪೂರೈಸಿದವರನ್ನು ಬಾಡಿಗೆಯಾಳುಗಳೆನ್ನಲು ನಾಲಗೆ ಹೇಗೆ ತಾನೆ ಹೊರಳೀತು?

ಹೊಸತಾಗಿ ಸ್ವತಂತ್ರವಾದ ರಾಷ್ಟ್ರಕ್ಕೆ ಮಹಾಶಸ್ತ್ರಾಗಾರವಿರಲಿಲ್ಲ, ನಿಷೇಧಾಧಿಕಾರವಿರಲಿಲ್ಲ. ನಿಷ್ಪಕ್ಷಪಾತವೊಂದೇ ಅದರ ಮೂಲಧನ. ನ್ಯಾಯವಿಲ್ಲದ ಲೋಕದಲ್ಲಿ ಮೊದಲು ಬಲಿಯಾಗುವುದು ದುರ್ಬಲನೇ ಆದುದರಿಂದ, ಶಾಂತಿಯನ್ನು ಕಾಯುವುದು ಅದಕ್ಕೆ ಪರೋಪಕಾರವೂ ಹೌದು, ಆತ್ಮರಕ್ಷಣೆಯೂ ಹೌದು. ಲೋಕಸಭೆಗಳಲ್ಲಿ ತನ್ನ ಮಾತಿಗೆ ಬೆಲೆ ಬರಲೆಂಬ ಆಸೆಯೂ ಅದರಲ್ಲಿ ಸೇರಿದೆ, ಅದರಲ್ಲಿ ತಪ್ಪೇನು?

ತಪ್ಪಿರುವುದು ಬೇರೆಡೆಯಲ್ಲಿ. ಅಪ್ಪಣೆ ಕೊಡುವವರು ಐದು ಕಾಯಂ ಸದಸ್ಯರು. ಕಾವಲಿಗೆ ನಿಲ್ಲುವವರು ಬಹುಮಟ್ಟಿಗೆ ನೇಪಾಳ, ಬಾಂಗ್ಲಾದೇಶ, ರುವಾಂಡ, ಭಾರತಗಳ ಮಕ್ಕಳು. ಧಣಿಯ ಅಪ್ಪಣೆ, ಒಕ್ಕಲಿನ ಬೆವರು ಎಂಬ ಹಳೆಯ ಕ್ರಮವೇ ಇದಲ್ಲವೆ? ಮಂಡಲಿಯಲ್ಲಿಲ್ಲದ ರಾಷ್ಟ್ರದಿಂದ ಸೈನ್ಯವನ್ನು ಕೇಳುವ ಮೊದಲು, ಅದರ ವಿನಿಯೋಗದ ನಿರ್ಣಯಕ್ಕೆ ಆ ರಾಷ್ಟ್ರವನ್ನೂ ಕರೆಯಬೇಕೆಂದು ಸನದಿನ ೪೪ನೆಯ ವಿಧಿಯು ಹೇಳುತ್ತದೆ. ಆದರೆ ಅದಕ್ಕೆ ಆಧಾರವಾದ ೪೩ನೆಯ ವಿಧಿಯ ಕರಾರುಗಳು ಎಂದೂ ಆಗದುದರಿಂದ ಆ ಹಕ್ಕು ಕಾಗದದಲ್ಲಿಯೇ ಉಳಿದಿದೆ.

೧೯೬೦ರಿಂದ ೧೯೬೪ರವರೆಗೆ ಕಾಂಗೋದಲ್ಲಿ ೩೯ ಮಂದಿ ಭಾರತೀಯರು ಮಡಿದರು. ತಿಮ್ಮಯ್ಯನವರೂ ಸೈಪ್ರಸಿನಲ್ಲಿ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ೧೯೬೫ರ ಡಿಸೆಂಬರಿನಲ್ಲಿ ತೀರಿಕೊಂಡರು. ಸೈನಿಕರನ್ನು ಹಿಂದೆ ಕರೆಸುವುದು ಇದಕ್ಕೆ ಉತ್ತರವಲ್ಲ. ಪ್ರಾಣವನ್ನು ಕೊಡುವವನಿಗೆ ಮಾತಿನ ಹಕ್ಕನ್ನೂ ಕೊಡಿರೆಂದು ಪಟ್ಟುಹಿಡಿಯುವುದೇ ಉತ್ತರ.